ಮತ್ತು ಇತರರು

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 11:19-26, ಇಬ್ರಿಯರಿಗೆ 11:32-40

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಇದು ನನ್ನ ಪ್ರಶ್ನೆ ಅಲ್ಲ, ನಮ್ಮಲ್ಲೇ ಒಬ್ಬ ತಮ್ಮ ಕೇಳಿದ್ದು. ಅವನು ನಾಲ್ಕು ವರ್ಷದಿಂದ ತನ್ನ ಬಾಡಿಗೆ ಮನೆಯಲ್ಲಿ ಶುಕ್ರವಾರ ಮನೆಕೂಟ ನಡೆಸ್ತಾ ಇದ್ದಾನೆ. ಬರೋರೆಲ್ಲ ಪಿಜಿ ಹುಡುಗರು. ಹುಬ್ಬಳ್ಳಿ, ದಾವಣಗೆರೆ, ಬೀದರ್ ಕಡೆಯಿಂದ ಕೆಲಸಕ್ಕೆ ಬಂದೋರು. ಬರುವಾಗ ಹೆದರಿಕೊಂಡು ಬರ್ತಾರೆ. ಇವನು ಅಡುಗೆ ಮಾಡಿ ಹಾಕ್ತಾನೆ, ಜ್ವರ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ, ಪ್ರಾರ್ಥನೆ ಮಾಡೋದು ಕಲಿಸ್ತಾನೆ. ಎರಡು ವರ್ಷ ಆಗೋ ಹೊತ್ತಿಗೆ ಹುಡುಗ ಆತ್ಮಿಕವಾಗಿ ನಿಂತ್ಕೋತಾನೆ, ಬೈಬಲ್ ತೆಗೆದು ಮಾತಾಡೋಕೆ ಶುರು ಮಾಡ್ತಾನೆ. ಅಷ್ಟರಲ್ಲಿ ಹೈದರಾಬಾದಿಗೆ ಟ್ರಾನ್ಸ್‌ಫರ್, ಇಲ್ಲಾಂದ್ರೆ ಕೆನಡಾ ವೀಸಾ. ಒಂದು ಕೇಕ್ ಕತ್ತರಿಸ್ತಾರೆ, ಒಂದು ಫೋಟೋ ತೆಗೀತಾರೆ, ಮುಗೀತು.

ಆ ತಮ್ಮ ನನ್ನ ಹತ್ತಿರ ಬಂದು ಹೇಳಿದ: "ಪಾಸ್ಟರ್, ನಾನು ಯಾವಾಗಲೂ ಎಬಿಸಿಡಿಯಲ್ಲೇ ಇದ್ದೀನಿ. ಬಂದೋರೆಲ್ಲ ಮುಂದೆ ಹೋಗ್ತಾರೆ, ನಾನು ಮಾತ್ರ ಮತ್ತೆ ಮೊದಲಿಂದ ಶುರು. ಇದಕ್ಕೆ ಏನಾದ್ರೂ ಅರ್ಥ ಇದೆಯಾ?"

ಆ ದಿನ ನಾನು ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ದೇವರು ನೋಡ್ತಾನೆ ತಮ್ಮ, ಪ್ರಾರ್ಥನೆ ಮಾಡು ಅಂದೆ. ಅದು ಸುಳ್ಳಲ್ಲ, ಆದರೆ ಅವನು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ನಾನು ಅವಸರದಲ್ಲಿದ್ದೆ. ಹಾಗಾಗಿ ಇವತ್ತು ಆ ಪ್ರಶ್ನೆಯನ್ನ ನಿಮ್ಮೆಲ್ಲರ ಮುಂದೆ ಇಟ್ಟು ಉತ್ತರ ಹುಡುಕ್ತೀನಿ. ನಮ್ಮ ಕೈಯಿಂದ ದಾಟಿ ಹೋಗೋರಿಗೋಸ್ಕರ ಬದುಕು ಕೊಡೋದು ವ್ಯರ್ಥವಾ?

ಇದಕ್ಕೆ ನಾನು ಒಬ್ಬ ಬೇಸ್‌ಬಾಲ್ ಕೋಚ್ ಕಥೆ ಹೇಳ್ಬೇಕು. ನಗಬೇಡಿ. ಇಲ್ಲಿ ಎಲ್ಲರೂ ಆರ್‌ಸಿಬಿ ಅಂತ ಗೊತ್ತು. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

2020ನೇ ಇಸವಿ ಜನವರಿ 26. ಭಾನುವಾರ. ಇಲ್ಲಿ ಗಣರಾಜ್ಯೋತ್ಸವದ ರಾತ್ರಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ. ಕ್ಯಾಲಬಾಸಸ್ ಅನ್ನೋ ಊರಿನ ಗುಡ್ಡದಲ್ಲಿ ಒಂದು ಹೆಲಿಕಾಪ್ಟರ್ ಬಿತ್ತು. ಒಳಗಿದ್ದ 9 ಜನರೂ ತೀರಿಕೊಂಡರು. ಬಾಸ್ಕೆಟ್‌ಬಾಲ್ ನೋಡದವರಿಗೂ ಆ ಸುದ್ದಿ ನೆನಪಿರುತ್ತೆ, ಯಾಕಂದ್ರೆ ಅದರಲ್ಲಿ ಕೋಬಿ ಬ್ರಯಂಟ್ ಇದ್ದರು. ಅವರ ಮಗಳು ಇದ್ದಳು. ಮೊಬೈಲಿಗೆ ಬಂದ ಸುದ್ದಿಯ ಸಾಲು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಇತ್ತು: ಕೋಬಿ ಬ್ರಯಂಟ್, ಅವರ ಮಗಳು, ಮತ್ತು ಇತರರು.

ಆ "ಇತರರು" ಅನ್ನೋ ಪದದೊಳಗೆ ಏಳು ಜನ ಇದ್ದರು. ಅವರಲ್ಲಿ ಮೂವರು ಒಂದೇ ಮನೆಯವರು. ಗಂಡ, ಹೆಂಡತಿ, ಮಗಳು. ಆ ಗಂಡನ ಹೆಸರು ಜಾನ್ ಆಲ್ಟೊಬೆಲ್ಲಿ. ವಯಸ್ಸು 56. ಕಾಸ್ಟಾ ಮೆಸಾ ಅನ್ನೋ ಊರಲ್ಲಿರೋ ಆರೆಂಜ್ ಕೋಸ್ಟ್ ಕಾಲೇಜಿನಲ್ಲಿ 27 ಸೀಸನ್ ಬೇಸ್‌ಬಾಲ್ ಕೋಚ್ ಆಗಿದ್ದವರು. ಹುಡುಗರು ಅವರನ್ನ "ಆಲ್ಟೊ" ಅಂತ ಕರೀತಿದ್ದರು. ಅವರ ಮಗಳು ಬ್ರಯಂಟ್ ಮಗಳ ಜೊತೆ ಒಂದೇ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡ್ತಿದ್ದಳು. ಇನ್ನೆರಡು ದಿನಕ್ಕೆ ತನ್ನ ಕಾಲೇಜಿನ 28ನೇ ಸೀಸನ್ ಶುರು ಆಗೋದಿತ್ತು. ಆದರೆ ಆ ಭಾನುವಾರ ಅವರು ಕೋಚ್ ಆಗಿ ಹೋಗ್ತಿರಲಿಲ್ಲ, ಅಪ್ಪ ಆಗಿ ಮಗಳ ಆಟ ನೋಡೋಕೆ ಹೋಗ್ತಿದ್ದರು.

ನಾನು ಅವರನ್ನ ಸಂತ ಮಾಡೋಕೆ ಇಲ್ಲಿ ನಿಂತಿಲ್ಲ. ನಮ್ಮ ಕರ್ತನು ಕೂಡ ಬಿತ್ತುವವನನ್ನ ತೋರಿಸಿ ಮಾತಾಡಿದ, ಕುರಿ ಹುಡುಕುವವನನ್ನ ತೋರಿಸಿದ, ಮನೆ ಗುಡಿಸಿ ನಾಣ್ಯ ಹುಡುಕಿದ ಹೆಂಗಸನ್ನ ತೋರಿಸಿದ. ಅವರ ಕೆಲಸದಿಂದ ಕಲಿಸಿದ. ನಾನೂ ಅಷ್ಟೇ ಮಾಡ್ತಿದ್ದೀನಿ.

ಮೊದಲು ಕಮ್ಯುನಿಟಿ ಕಾಲೇಜು ಅಂದ್ರೆ ಏನು ಅಂತ ತಿಳ್ಕೊಳ್ಳಿ. ಅಮೆರಿಕದಲ್ಲಿ ಡಿಗ್ರಿಗೆ ನಾಲ್ಕು ವರ್ಷ. ಕಮ್ಯುನಿಟಿ ಕಾಲೇಜು ಎರಡು ವರ್ಷದ ಕಾಲೇಜು. ಶುಲ್ಕ ಕಡಿಮೆ, ಬಾಗಿಲು ಎಲ್ಲರಿಗೂ ತೆರೆದಿರುತ್ತೆ. ಮಾರ್ಕ್ಸ್ ಕಡಿಮೆ ಬಂದೋರು, ದುಡ್ಡಿಲ್ಲದೋರು, ಹಗಲು ಕೆಲಸ ಮಾಡಿ ಸಂಜೆ ಓದೋರು ಅಲ್ಲಿಗೆ ಬರ್ತಾರೆ. ಎರಡು ವರ್ಷ ಓದಿ, ಸಾಧ್ಯ ಆದ್ರೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗ್ತಾರೆ. ಕ್ರೀಡೆಯಲ್ಲೂ ಹಾಗೇನೇ. ದೊಡ್ಡ ವಿಶ್ವವಿದ್ಯಾಲಯಗಳು ಚೆನ್ನಾಗಿ ಆಡೋ ಹುಡುಗರನ್ನ ಹೈಸ್ಕೂಲಿನಲ್ಲೇ ಆರಿಸಿಕೊಂಡು ಸ್ಕಾಲರ್‌ಶಿಪ್ ಕೊಟ್ಟು ಕರ್ಕೊಂಡು ಹೋಗ್ತವೆ. ಯಾರೂ ಕರೆಯದೇ ಉಳಿದೋರು, ಮೈ ಇನ್ನೂ ಬಲಿಯದೋರು, ಗಾಯ ಆದೋರು ಈ ಕಾಲೇಜುಗಳಿಗೆ ಬರ್ತಾರೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗೂ ಇಲ್ಲ.

ಈಗ ಅಲ್ಲಿನ ಕೋಚ್ ಜಾಗದಲ್ಲಿ ನಿಂತು ನೋಡಿ. ಬೇರೆಯವರು ಬೇಡ ಅಂದ ಹುಡುಗ ನಿಮ್ಮ ಹತ್ತಿರ ಬರ್ತಾನೆ. ನಿಮ್ಮ ಹತ್ತಿರ ಇರೋದು ಹೆಚ್ಚೆಂದರೆ ಎರಡು ಸೀಸನ್. ಮೊದಲನೇ ವರ್ಷ ಅವನ ತಪ್ಪು ತಿದ್ದೋದರಲ್ಲೇ ಹೋಗುತ್ತೆ. ಎರಡನೇ ವರ್ಷ ಅವನು ಚೆನ್ನಾಗಿ ಆಡ್ತಾನೆ. ಚೆನ್ನಾಗಿ ಆಡಿದ ತಕ್ಷಣ ದೊಡ್ಡ ವಿಶ್ವವಿದ್ಯಾಲಯದವರು ಬಂದು ಕರ್ಕೊಂಡು ಹೋಗ್ತಾರೆ. ಕರ್ಕೊಂಡು ಹೋಗಲಿ ಅಂತ ಫೋನ್ ಮಾಡೋದೂ ನೀವೇ, ಶಿಫಾರಸು ಬರೆಯೋದೂ ನೀವೇ. ನಿಮ್ಮ ಅತ್ಯುತ್ತಮ ಆಟಗಾರನನ್ನ ನಿಮ್ಮ ಕೈಯಾರೆ ಕಳಿಸಿಕೊಡೋದೇ ನಿಮ್ಮ ಕೆಲಸ. ಮುಂದಿನ ವರ್ಷ ಮತ್ತೆ ಹೊಸ ಹುಡುಗರು, ಮತ್ತೆ ಎಬಿಸಿಡಿ.

ಇದನ್ನ ಆಲ್ಟೊಬೆಲ್ಲಿ 27 ಸೀಸನ್ ಮಾಡಿದರು. 700ಕ್ಕೂ ಹೆಚ್ಚು ಪಂದ್ಯ ಗೆದ್ದರು. ನಾಲ್ಕು ಸಲ ರಾಜ್ಯ ಚಾಂಪಿಯನ್‌ಶಿಪ್ ಗೆದ್ದರು: 2009, 2014, 2015, 2019. ಈ ನಾಲ್ಕು ಇಸವಿಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮೊದಲನೆಯದು. ಅವರು ಆ ಕಾಲೇಜಿಗೆ ಬಂದದ್ದು 1990ರ ದಶಕದ ಶುರುವಿನಲ್ಲಿ. ಮೊದಲ ಚಾಂಪಿಯನ್‌ಶಿಪ್ ಬಂದದ್ದು 2009ರಲ್ಲಿ. ಮಧ್ಯದ ಆ 15-16 ವರ್ಷ ಯೋಚನೆ ಮಾಡಿ. ನಮಗೆ ಎರಡು ಅಪ್ರೈಸಲ್ ಸರಿ ಬರದಿದ್ರೆ ಕೂಡಲೇ ರೆಸ್ಯೂಮೆ ಅಪ್‌ಡೇಟ್ ಮಾಡ್ತೀವಿ. ಆಮೆನ್ ಹೇಳೋಕೆ ಯಾಕೆ ಕಷ್ಟ ಪಡ್ತಿದ್ದೀರಿ?

ಈಗ ಬೈಬಲ್‌ಗೆ ಬರೋಣ. ಆದಿ ಸಭೆಯಲ್ಲೂ ಇಂಥ ಒಬ್ಬ ಕೋಚ್ ಇದ್ದ. ಹುಟ್ಟಿದ ಹೆಸರು ಯೋಸೇಫ. ಅಪೊಸ್ತಲರು ಅವನಿಗೆ ಬಾರ್ನಬ ಅಂತ ಹೆಸರಿಟ್ಟರು. ಧೈರ್ಯ ತುಂಬುವವನು ಅನ್ನೋ ಅರ್ಥ ಅದಕ್ಕೆ. ಸೌಲ ಮಾನಸಾಂತರ ಹೊಂದಿ ಯೆರೂಸಲೇಮಿಗೆ ಬಂದಾಗ ಯಾರೂ ಅವನನ್ನ ನಂಬಲಿಲ್ಲ. ನಿನ್ನೆ ತನಕ ನಮ್ಮವರನ್ನ ಜೈಲಿಗೆ ಹಾಕಿಸ್ತಿದ್ದವನು, ಇವತ್ತು ನಾನೂ ವಿಶ್ವಾಸಿ ಅಂತ ಬಂದ್ರೆ ಯಾರು ನಂಬ್ತಾರೆ? ಎಲ್ಲರೂ ಹೆದರಿದರು. ಬಾರ್ನಬ ಅವನ ಕೈ ಹಿಡಿದು ಅಪೊಸ್ತಲರ ಹತ್ತಿರ ಕರ್ಕೊಂಡು ಹೋದ.

ಆಮೇಲೆ ಅಂತಿಯೋಕ್ಯದಲ್ಲಿ ಸಭೆ ಬೆಳೀತು. ಬಾರ್ನಬನನ್ನ ಅಲ್ಲಿಗೆ ಕಳಿಸಿದರು. ಅದು ಅವನಿಗೆ ದೊಡ್ಡ ಅವಕಾಶ. ಆ ಪಟ್ಟಣದ ಸಭೆಗೆ ಅವನೊಬ್ಬನೇ ಮುಖ್ಯಸ್ಥ ಆಗಿ ಇರಬಹುದಿತ್ತು. ಅವನು ಏನು ಮಾಡಿದ? ತಾರ್ಸಕ್ಕೆ ಹೊರಟ, ಸೌಲನನ್ನ ಹುಡುಕೋಕೆ. ತನಗಿಂತ ಚೆನ್ನಾಗಿ ಬೋಧಿಸುವವನನ್ನ ತಾನೇ ಹುಡುಕಿ ಕರ್ಕೊಂಡು ಬಂದ. ಒಂದು ವರ್ಷ ಪೂರ್ತಿ ಇಬ್ಬರೂ ಸೇರಿ ಕಲಿಸಿದರು.

ಈಗ 13ನೇ ಅಧ್ಯಾಯ ಮನೆಗೆ ಹೋಗಿ ಓದಿ. ಒಂದು ಸಣ್ಣ ಬದಲಾವಣೆ ಕಾಣುತ್ತೆ. ಶುರುವಿನಲ್ಲಿ ಬಾರ್ನಬನ ಹೆಸರು ಮೊದಲು ಬರುತ್ತೆ, ಸೌಲನ ಹೆಸರು ಆಮೇಲೆ. ಅಧ್ಯಾಯ ಮುಗಿಯೋ ಹೊತ್ತಿಗೆ ಪೌಲನ ಹೆಸರು ಮುಂದೆ, ಬಾರ್ನಬನದು ಹಿಂದೆ. ಇಮೇಲ್‌ನಲ್ಲಿ ಟು ಇಂದ ಸಿಸಿಗೆ ಹೋದ ಹಾಗೆ. ನಮಗೆ ಎಷ್ಟು ಉರಿಯುತ್ತೆ ಅಲ್ವಾ ಆಗ? ಬಾರ್ನಬ ಅದಕ್ಕೆ ಜಗಳ ಆಡಿದ ಅಂತ ಎಲ್ಲೂ ಬರೆದಿಲ್ಲ. ಅವನು ಪೌಲನ ಜೊತೆ ವಾದ ಮಾಡಿದ್ದು ಒಂದೇ ಒಂದು ಸಲ, ಅದೂ ತನಗಾಗಿ ಅಲ್ಲ. ಪ್ರಯಾಣದ ಮಧ್ಯೆ ಕೈಬಿಟ್ಟು ಓಡಿಹೋಗಿದ್ದ ಮಾರ್ಕನೆಂಬ ಹುಡುಗನಿಗಾಗಿ. ಪೌಲ ಇವನು ಬೇಡ ಅಂದ. ಬಾರ್ನಬ ಇನ್ನೊಂದು ಅವಕಾಶ ಕೊಡೋಣ ಅಂದ. ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನ ಕರ್ಕೊಂಡು ಕುಪ್ರದ್ವೀಪಕ್ಕೆ ಹಡಗು ಹತ್ತಿದ. ಅಲ್ಲಿಗೆ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಬಾರ್ನಬನ ಕಥೆ ಮುಗಿಯುತ್ತೆ. ಆಮೇಲೆ ಆ ಪುಸ್ತಕದಲ್ಲಿ ಅವನ ಹೆಸರು ಇಲ್ಲ.

ಆದರೆ ಮಾರ್ಕ? ವರ್ಷಗಳಾದ ಮೇಲೆ ಪೌಲನೇ ಸೆರೆಮನೆಯಿಂದ ತಿಮೊಥೆಯನಿಗೆ ಬರೀತಾನೆ, ಮಾರ್ಕನನ್ನ ಕರ್ಕೊಂಡು ಬಾ, ಅವನಿಂದ ನನಗೆ ಸಹಾಯ ಆಗುತ್ತೆ ಅನ್ನೋ ಅರ್ಥದಲ್ಲಿ. ನಾವು ಇವತ್ತು ಮಾರ್ಕನ ಸುವಾರ್ತೆ ಅಂತ ಓದ್ತೀವಲ್ಲ, ಅದನ್ನ ಬರೆದದ್ದು ಇದೇ ಮಾರ್ಕ ಅನ್ನೋದು ಸಭೆಯ ಪುರಾತನ ನಂಬಿಕೆ. ಬಾರ್ನಬ ಸುವಾರ್ತೆ ಬರೆಯಲಿಲ್ಲ. ಬರೆಯುವವನನ್ನ ಉಳಿಸಿಕೊಂಡ. ಹಲ್ಲೆಲೂಯ.

ಸರಿ, ಇಲ್ಲಿಗೆ ಸಂದೇಶ ಮುಗಿಸಿ ಪ್ರಾರ್ಥನೆ ಮಾಡಬಹುದಿತ್ತು. ಆದರೆ ನನಗೆ ಇಲ್ಲಿ ಒಂದು ತೊಂದರೆ ಕಾಣುತ್ತೆ. ಅದನ್ನ ನಿಮ್ಮ ಹತ್ತಿರ ಮುಚ್ಚಿಡಬಾರದು.

ಆಲ್ಟೊಬೆಲ್ಲಿ ತೀರಿಕೊಂಡ ಮೇಲೆ ಪತ್ರಿಕೆಗಳು ಅವರ ಬಗ್ಗೆ ಬರೆದವು. ಏನಂತ? ಆರನ್ ಜಡ್ಜ್‌ಗೆ ಕೋಚ್ ಆಗಿದ್ದವರು, ಜೆಫ್ ಮೆಕ್‌ನೀಲ್‌ಗೆ ಕೋಚ್ ಆಗಿದ್ದವರು ಅಂತ. ಅದು ನಿಜ. ಮಸಾಚುಸೆಟ್ಸ್‌ನಲ್ಲಿ ಕೇಪ್ ಕಾಡ್ ಅಂತ ಒಂದು ಬೇಸಿಗೆ ಲೀಗ್ ಇದೆ, ಕಾಲೇಜು ಹುಡುಗರು ಬಂದು ಆಡೋದು. 2012ರಲ್ಲಿ ಅಲ್ಲಿ ಬ್ರೂಸ್ಟರ್ ಅನ್ನೋ ಊರಿನ ತಂಡಕ್ಕೆ ಆಲ್ಟೊಬೆಲ್ಲಿ ಕೋಚ್. ಆ ಇಬ್ಬರು ಹುಡುಗರೂ ಆ ಬೇಸಿಗೆ ಅವರ ಕೈಕೆಳಗೆ ಆಡಿದರು. ಹತ್ತು ವರ್ಷ ಆದ ಮೇಲೆ, 2022ರಲ್ಲಿ, ಜಡ್ಜ್ ಒಂದೇ ಸೀಸನ್ನಿನಲ್ಲಿ 62 ಹೋಮ್‌ರನ್ ಹೊಡೆದು ಅಮೆರಿಕನ್ ಲೀಗಿನ ದಾಖಲೆ ಮುರಿದರು. ಅದೇ ವರ್ಷ ಮೆಕ್‌ನೀಲ್ ಇನ್ನೊಂದು ಲೀಗಿನಲ್ಲಿ, ಅಂದರೆ ನ್ಯಾಷನಲ್ ಲೀಗಿನಲ್ಲಿ, ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗರಾದರು. ತನಗೆ ವೃತ್ತಿಪರ ಆಟಕ್ಕೆ ದಾರಿ ಸಿಕ್ಕಿದ್ದರಲ್ಲಿ ಆ ಕೋಚ್ ಪಾಲು ದೊಡ್ಡದು ಅಂತ ಮೆಕ್‌ನೀಲ್ ಆ ದುಃಖದ ದಿನಗಳಲ್ಲಿ ನೆನೆಸಿಕೊಂಡರು.

ಕೇಳೋಕೆ ಚೆನ್ನಾಗಿದೆ. ಆದರೆ ಗಮನಿಸಿ, ಏನಾಯ್ತು ಇಲ್ಲಿ? ಒಬ್ಬ ಅಡಗಿದ್ದ ಮನುಷ್ಯನ ಬದುಕಿಗೆ ಬೆಲೆ ಇದೆ ಅಂತ ತೋರಿಸೋಕೆ ನಾವು ಇನ್ನಿಬ್ಬರು ಪ್ರಸಿದ್ಧರನ್ನ ಕರ್ಕೊಂಡು ಬಂದ್ವಿ. ಅಳತೆಗೋಲು ಬದಲಾಗಲೇ ಇಲ್ಲ. ಮೊದಲು ಬ್ರಯಂಟ್ ಹೆಸರಿನ ಪಕ್ಕದಲ್ಲಿ ಅಳೆದ್ವಿ, ಈಗ ಜಡ್ಜ್ ಹೆಸರಿನ ಪಕ್ಕದಲ್ಲಿ ಅಳೀತಿದ್ದೀವಿ. ನಾನೂ ಈಗತಾನೆ ಬಾರ್ನಬನಿಗೆ ಅದನ್ನೇ ಮಾಡಿದೆ. ಪೌಲ ದೊಡ್ಡವನಾದ, ಮಾರ್ಕ ಸುವಾರ್ತೆ ಬರೆದ, ಆದ್ದರಿಂದ ಬಾರ್ನಬನ ಕೆಲಸ ಸಾರ್ಥಕ ಅಂದೆ. ಹಾಗಾದ್ರೆ ಮಾರ್ಕ ಏನೂ ಬರೆಯದೇ ಕುಪ್ರದಲ್ಲಿ ಮೀನು ಮಾರಿಕೊಂಡು ಇದ್ದುಬಿಟ್ಟಿದ್ರೆ? ಬಾರ್ನಬ ಅವನನ್ನ ಕ್ಷಮಿಸಿ ಕರ್ಕೊಂಡು ಹೋದದ್ದು ವ್ಯರ್ಥ ಆಗ್ತಿತ್ತಾ?

ಜಡ್ಜ್, ಮೆಕ್‌ನೀಲ್ ಇಬ್ಬರೂ ಆರೆಂಜ್ ಕೋಸ್ಟ್ ಕಾಲೇಜಿನ ಹುಡುಗರೇ ಅಲ್ಲ. ಅವರು ಆ ಕೋಚ್ ಜೊತೆ ಇದ್ದದ್ದು ಬೇಸಿಗೆಯಲ್ಲಿ ಮಾತ್ರ. ಆ ಕಾಲೇಜಿನಲ್ಲಿ 27 ಸೀಸನ್ ಅವರ ಕೈಯಲ್ಲಿ ಬೆಳೆದ ಹುಡುಗರು ನೂರಾರು. ಅವರಲ್ಲಿ ಹೆಚ್ಚಿನವರು ದೊಡ್ಡ ಲೀಗಿಗೆ ಹೋಗಲಿಲ್ಲ. ಎರಡು ವರ್ಷ ಬೆವರು ಸುರಿಸಿ ಆಡಿದರು, ಆಮೇಲೆ ಏನೇನೋ ಕೆಲಸ ಹಿಡಿದರು, ಮದುವೆ ಆದರು, ಮಕ್ಕಳಾದರು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲ್ಲ. ನಮ್ಮ ತಮ್ಮನ ಮನೆಕೂಟದ ಹುಡುಗರ ಹಾಗೆ. ಪ್ರಶ್ನೆ ಇರೋದು ಅವರ ಬಗ್ಗೆ. ಅವರಿಗೆ ಕೊಟ್ಟ ಎರಡು ವರ್ಷಕ್ಕೆ ಬೆಲೆ ಇದೆಯಾ?

ಇಲ್ಲೇ ನಾನು ನಿಮಗೆ ಆ ಆಟದ ಒಂದು ನಿಯಮ ಹೇಳ್ಬೇಕು. ಬೇಸ್‌ಬಾಲಿನಲ್ಲಿ ನಾಲ್ಕು ಮೂಲೆ ಸುತ್ತಿ ವಾಪಸ್ ಬಂದ್ರೆ ಒಂದು ರನ್. ಈಗ ನಮ್ಮ ತಂಡದ ಒಬ್ಬ ಮೊದಲನೇ ಬೇಸಿನಲ್ಲಿ ನಿಂತಿದ್ದಾನೆ ಅಂತ ಇಟ್ಕೊಳ್ಳಿ. ಅವನು ಎರಡನೇ ಬೇಸಿಗೆ ಹೋಗಬೇಕು. ಆಗ ಕೋಚ್ ಬ್ಯಾಟ್ಸ್‌ಮನ್‌ಗೆ ಒಂದು ಸನ್ನೆ ಮಾಡ್ತಾನೆ. ಬ್ಯಾಟ್ಸ್‌ಮನ್ ಜೋರಾಗಿ ಹೊಡೆಯಲ್ಲ. ಬ್ಯಾಟನ್ನ ಅಡ್ಡ ಹಿಡಿದು ಚೆಂಡನ್ನ ಮೆತ್ತಗೆ ಮುಂದಕ್ಕೆ ಬೀಳಿಸ್ತಾನೆ. ಎದುರಾಳಿಗಳು ಓಡಿ ಬಂದು ಚೆಂಡು ಎತ್ತಿ ಅವನನ್ನ ಔಟ್ ಮಾಡ್ತಾರೆ. ಅವನಿಗೂ ಗೊತ್ತು ತಾನು ಔಟ್ ಆಗ್ತೀನಿ ಅಂತ. ಆದರೆ ಅಷ್ಟರೊಳಗೆ ಇನ್ನೊಬ್ಬ ಎರಡನೇ ಬೇಸಿಗೆ ಹೋಗಿಬಿಟ್ಟಿರ್ತಾನೆ. ಇದಕ್ಕೆ ಆ ಆಟದಲ್ಲಿ ಸ್ಯಾಕ್ರಿಫೈಸ್ ಅಂತಲೇ ಹೆಸರು. ಬಲಿ.

ಕ್ರಿಕೆಟ್‌ನಲ್ಲಿ ಪಾರ್ಟ್ನರ್‌ಗೋಸ್ಕರ ನೀವು ರನ್ ಔಟ್ ಆದ್ರೆ ಸ್ಕೋರ್‌ಕಾರ್ಡಿನಲ್ಲಿ ಬರೋದು ರನ್ ಔಟ್ ಅಂತ ಅಷ್ಟೇ. ನಿಮ್ಮ ಸರಾಸರಿ ಕೆಳಗೆ ಬೀಳುತ್ತೆ. ಬೇಸ್‌ಬಾಲಿನಲ್ಲಿ ಹಾಗಲ್ಲ. ಅಲ್ಲಿ ಸ್ಕೋರ್ ಬರೆಯುವವನು ಅದನ್ನ ಬಲಿ ಅಂತ ಬೇರೆಯಾಗಿ ಗುರುತು ಹಾಕ್ತಾನೆ. ಅದು ಬ್ಯಾಟಿಂಗ್ ಸರಾಸರಿಯ ಲೆಕ್ಕಕ್ಕೆ ಬರಲ್ಲ. ಇನ್ನೊಬ್ಬನ ಮುಂದಿನ ಹೆಜ್ಜೆಗಾಗಿ ಔಟ್ ಆದವನನ್ನ ಸೋತವನು ಅಂತ ಬರೆಯಲ್ಲ. ಮತ್ತೆ ಇನ್ನೊಂದು ವಿಷಯ: ಆ ಇನ್ನೊಬ್ಬ ಕೊನೆಗೆ ರನ್ ಮಾಡ್ತಾನೋ ಇಲ್ಲವೋ, ಅದರ ಮೇಲೆ ಆ ಗುರುತು ನಿಂತಿಲ್ಲ. ಅವನು ಎರಡನೇ ಬೇಸಿನಲ್ಲೇ ಉಳಿದುಬಿಟ್ಟರೂ ಇವನ ಬಲಿ ಪುಸ್ತಕದಲ್ಲಿ ಹಾಗೇ ಇರುತ್ತೆ.

ಅರ್ಥ ಆಯ್ತಾ? ಮನುಷ್ಯರು ಮಾಡಿದ ಒಂದು ಆಟದ ಸ್ಕೋರ್ ಬುಕ್ಕಿಗೇ ಇಷ್ಟು ನ್ಯಾಯ ಗೊತ್ತಿದೆ. ಪರಲೋಕದ ಪುಸ್ತಕ ಬರೆಯುವವನಿಗೆ ಗೊತ್ತಿಲ್ವಾ?

ಇಬ್ರಿಯ 11ಕ್ಕೆ ಹೋಗಿ. ಅದು ವಿಶ್ವಾಸವೀರರ ಪಟ್ಟಿ. ಗಿದ್ಯೋನ, ಬಾರಾಕ, ಸಂಸೋನ, ಯೆಪ್ತಾಹ, ದಾವೀದ, ಸಮುವೇಲ ಅಂತ ಹೆಸರು ಹೆಸರಾಗಿ ಬರುತ್ತೆ. ರಾಜ್ಯಗಳನ್ನ ಗೆದ್ದರು, ಸಿಂಹದ ಬಾಯಿ ಕಟ್ಟಿದರು ಅಂತ ದೊಡ್ಡ ದೊಡ್ಡ ವಿಜಯಗಳು. ನಾವು ಅಲ್ಲಿ ತನಕ ಓದಿ ಚಪ್ಪಾಳೆ ಹೊಡೀತೀವಿ. ಆದರೆ 35ನೇ ವಚನದ ಮಧ್ಯದಲ್ಲಿ ದಾರಿ ತಿರುಗುತ್ತೆ. ಅಲ್ಲಿಂದ ಹೆಸರುಗಳೇ ಇಲ್ಲ. ಬೇರೆ ಕೆಲವರು ಅಂತ ಬರುತ್ತೆ. ಪೆಟ್ಟು ತಿಂದವರು, ಸೆರೆಯಲ್ಲಿದ್ದವರು, ಗುಹೆಗಳಲ್ಲಿ ಬದುಕಿದವರು. ಅವರ ಹೆಸರು ಬರೆದಿಲ್ಲ, ಅವರ ಶಿಷ್ಯರು ಯಾರು ಅಂತ ಬರೆದಿಲ್ಲ, ಮುಂದೆ ಏನಾಯ್ತು ಅಂತಲೂ ಬರೆದಿಲ್ಲ. ಆದರೆ ಆ ಅಧ್ಯಾಯದ ಅತಿ ದೊಡ್ಡ ಹೊಗಳಿಕೆ ಸಿಕ್ಕಿರೋದು ದಾವೀದನಿಗೆ ಅಲ್ಲ, ಸಂಸೋನನಿಗೆ ಅಲ್ಲ. ಈ ಹೆಸರಿಲ್ಲದವರಿಗೆ. ಇಂಥವರನ್ನ ಇಟ್ಕೊಳ್ಳೋ ಯೋಗ್ಯತೆ ಈ ಲೋಕಕ್ಕೇ ಇರಲಿಲ್ಲ ಅನ್ನೋ ಮಾತು ಬಂದಿರೋದು ಇವರ ಬಗ್ಗೆ.

ಲೋಕದ ಸುದ್ದಿಯಲ್ಲೂ "ಇತರರು" ಇದ್ದಾರೆ, ಬೈಬಲಿನಲ್ಲೂ "ಇತರರು" ಇದ್ದಾರೆ. ಲೋಕ ಆ ಪದ ಬಳಸೋದು ಜಾಗ ಉಳಿಸೋಕೆ. ದೇವರ ವಾಕ್ಯ ಆ ಪದ ಬಳಸೋದು, ಹೆಸರಿಲ್ಲದಿದ್ದರೂ ಅವರು ಆ ಪಟ್ಟಿಯಲ್ಲಿ ಇದ್ದಾರೆ ಅಂತ ಹೇಳೋಕೆ. ದೇವರಿಗೆ ಸ್ತೋತ್ರ.

ಈಗ ನಿಮ್ಮಲ್ಲಿ ಕೆಲವರ ಮುಖ ನೋಡ್ತಿದ್ದೀನಿ. ನಾಳೆ ಇಂಟರ್‌ವ್ಯೂ ಇರೋರು. ಪಾಸ್ಟರ್ ಹೇಳ್ತಿದ್ದಾರೆ ಇದ್ದಲ್ಲೇ ಇರಬೇಕಂತೆ, ಪ್ರಮೋಷನ್ ಬೇಡ ಅನ್ನಬೇಕಂತೆ ಅಂತ ಅಂದ್ಕೋಬೇಡಿ. ನಾನು ಹಾಗೆ ಹೇಳ್ತಿಲ್ಲ.

ಅದಕ್ಕೂ ಒಂದು ಉದಾಹರಣೆ ಅಲ್ಲೇ ಇದೆ. ಮೈಕ್ ಗಿಲೆಸ್ಪಿ ಅಂತ ಇನ್ನೊಬ್ಬ ಕೋಚ್. ಅದೇ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜ್ ಆಫ್ ದ ಕ್ಯಾನಿಯನ್ಸ್ ಅನ್ನೋ ಕಮ್ಯುನಿಟಿ ಕಾಲೇಜಿನಲ್ಲಿ 1971ರಿಂದ 1986ರ ತನಕ ಇದ್ದರು. ಮೂರು ಸಲ ರಾಜ್ಯ ಚಾಂಪಿಯನ್‌ಶಿಪ್ ಗೆದ್ದರು. ಆಮೇಲೆ ತಾವೇ ಓದಿ ಆಡಿದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಕರೆ ಬಂತು. ಹೋದರು. 1998ರಲ್ಲಿ ಆ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದುಕೊಟ್ಟರು. ಅವರು ಹೋದದ್ದು ತಪ್ಪಾ? ಇಲ್ಲ. ಆಲ್ಟೊಬೆಲ್ಲಿ ಉಳಿದದ್ದು ತಪ್ಪಾ? ಅದೂ ಇಲ್ಲ.

ಉಳಿಯೋದೇ ಪರಿಶುದ್ಧತೆ ಅಲ್ಲ, ಹೋಗೋದೇ ಲೋಕಪ್ರೀತಿ ಅಲ್ಲ. ತಲಾಂತಿನ ಸಾಮ್ಯದಲ್ಲಿ ಒಂದೇ ತಲಾಂತು ಸಿಕ್ಕಿದವನೂ ಇದ್ದಲ್ಲೇ ಇದ್ದ. ಮಣ್ಣಿನಲ್ಲಿ ಹೂತಿಟ್ಟು ಕಾವಲು ಕೂತ. ಯಜಮಾನ ಅವನನ್ನ ಹೊಗಳಲಿಲ್ಲ. ನಮ್ಮಲ್ಲಿ ಕೆಲವರು ಉಳಿದಿರೋದು ನಂಬಿಗಸ್ತಿಕೆಯಿಂದ ಅಲ್ಲ, ಭಯದಿಂದ. ಹೊಸ ಕೆಲಸದಲ್ಲಿ ಸೋತ್ರೆ ಅಂತ. ಇನ್ನು ಕೆಲವರು ಹೋಗ್ತಿರೋದು ಕರೆಯಿಂದ ಅಲ್ಲ, ಕ್ಲಾಸ್‌ಮೇಟ್‌ನ ಲಿಂಕ್ಡ್‌ಇನ್ ನೋಡಿ ನಿದ್ದೆ ಬರದೇ. ಎರಡಕ್ಕೂ ನಾವು ದೇವರ ಚಿತ್ತ ಅಂತ ಲೇಬಲ್ ಹಚ್ತೀವಿ.

ನಿಮ್ಮನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ. ನಾನು ಇಲ್ಲಿ ಇದ್ದರೂ, ಹೊರಟರೂ, ನನ್ನ ಕೈಗೆ ಕೊಟ್ಟಿರೋ ಜನ ನನ್ನಿಂದ ಮುಂದೆ ಹೋಗ್ತಿದ್ದಾರಾ? ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಗೊತ್ತಿಲ್ಲದ್ದನ್ನ ಕಲಿಸ್ತೀನಾ, ಅಥವಾ ಅವಳು ಕಲಿತ್ರೆ ನನ್ನ ಜಾಗ ಹೋಗುತ್ತೆ ಅಂತ ಬಚ್ಚಿಡ್ತೀನಾ? ನನಗಿಂತ ಚೆನ್ನಾಗಿ ಹಾಡೋ ತಂಗಿ ಸಭೆಗೆ ಬಂದ್ರೆ ಅವಳ ಕೈಗೆ ಮೈಕ್ ಕೊಡ್ತೀನಾ? ಈ ಪ್ರಶ್ನೆಯಲ್ಲಿ ನಾನೂ ಎಷ್ಟೋ ಸಲ ಫೇಲ್ ಆಗಿದ್ದೀನಿ.

ಮತ್ತೆ ಇನ್ನೊಂದು ಮಾತು. ಇದು ನಮಗೆ, ಸಭೆ ನಡೆಸೋರಿಗೆ. ಅಡಗಿರೋ ಸೇವೆಗೆ ಪರಲೋಕದಲ್ಲಿ ಪ್ರತಿಫಲ ಇದೆ ಅಂತ ಬೋಧಿಸೋದು ಸುಲಭ. ಆ ಬೋಧನೆಯ ನೆರಳಿನಲ್ಲಿ ಜನರನ್ನ ದುಡಿಸಿಕೊಂಡು ಒಂದು ಥ್ಯಾಂಕ್ಸ್ ಕೂಡ ಹೇಳದೇ ಇರೋದೂ ಸುಲಭ. ಕುರ್ಚಿ ಜೋಡಿಸೋ ಅಣ್ಣನ ಹೆಸರು ಗೊತ್ತಿಲ್ಲದೇ ಮೂರು ವರ್ಷ ಆ ಕುರ್ಚಿ ಮೇಲೆ ಕೂತಿರ್ತೀವಿ. ದೇವರು ಅವರ ಹೆಸರು ಬಲ್ಲ ಅನ್ನೋದು, ನಾವು ಮರೆಯೋಕೆ ಸಿಕ್ಕ ಅನುಮತಿ ಅಲ್ಲ. ನಾಲ್ಕು ವರ್ಷ ಒಬ್ಬನೇ ಅಡುಗೆ ಮಾಡಿ ಹಾಕಿದ ತಮ್ಮನಿಗೆ ಒಬ್ಬ ಜೊತೆಗಾರನನ್ನ ಕೊಡಬೇಕಾಗಿದ್ದು ನನ್ನ ಕೆಲಸ. ನಾನು ಮಾಡಲಿಲ್ಲ. ಅದನ್ನ ಇಲ್ಲಿ ಎಲ್ಲರ ಮುಂದೆ ಒಪ್ಕೋತೀನಿ.

ಕೊನೆಗೆ ಆ ಮೈದಾನಕ್ಕೆ ವಾಪಸ್ ಹೋಗೋಣ. ಭಾನುವಾರ ಕೋಚ್ ತೀರಿಕೊಂಡರು. ಮಂಗಳವಾರ, ಜನವರಿ 28, ಸೀಸನ್ನಿನ ಮೊದಲ ಪಂದ್ಯ. ಮುಂದೂಡಿದ್ರೆ ಯಾರೂ ತಪ್ಪು ಅಂತಿರಲಿಲ್ಲ. ಆ ಹುಡುಗರು ಆಡಿದರು. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು, ನಿಮ್ಮ ವಯಸ್ಸಿನವರು. ಎರಡು ದಿನದ ಹಿಂದೆ ತಮ್ಮ ಕೋಚನ್ನ ಕಳ್ಕೊಂಡೋರು, ಅಂದು ಅದೇ ಮೈದಾನಕ್ಕೆ ಇಳಿದರು. ಅವರು ಹೇಳಿಕೊಟ್ಟಿದ್ದು ಈ ಹುಡುಗರ ಕೈಕಾಲಿನಲ್ಲಿ ಇತ್ತು.

ಆ ಸೀಸನ್ ಮುಗಿಯಲೂ ಇಲ್ಲ. ಮಾರ್ಚ್ ಬಂತು, ಕೊರೋನಾ ಬಂತು, ಆ ರಾಜ್ಯದ ಕಮ್ಯುನಿಟಿ ಕಾಲೇಜುಗಳ ಎಲ್ಲ ಆಟ ನಿಂತುಹೋಯ್ತು. ಕಪ್ ಇಲ್ಲ, ಫೈನಲ್ ಇಲ್ಲ. ಸಿನಿಮಾ ಆಗಿದ್ರೆ ಆ ಹುಡುಗರು ಆ ವರ್ಷ ಚಾಂಪಿಯನ್ ಆಗ್ತಿದ್ದರು. ಬದುಕು ಹಾಗೆ ಇರಲ್ಲ. ಪೌಲ ಕೊರಿಂಥದವರಿಗೆ ಬರೆದದ್ದು ನೆನಪಿದೆಯಾ? ತಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ಮಾತ್ರ ದೇವರು ಅನ್ನೋ ಅರ್ಥದಲ್ಲಿ ಬರೀತಾನೆ. ನೆಟ್ಟವನಿಗೆ ಮರ ನೋಡೋ ಭಾಗ್ಯ ಇರುತ್ತೆ ಅಂತ ಅಲ್ಲಿ ಎಲ್ಲೂ ಮಾತು ಕೊಟ್ಟಿಲ್ಲ.

ಹಾಗಾಗಿ ತಮ್ಮ, ನೀನು ಇಲ್ಲೇ ಎಲ್ಲೋ ಕೂತಿದ್ದೀಯ ಅಂತ ಗೊತ್ತು. ನಿನ್ನ ಪ್ರಶ್ನೆಗೆ ಇದು ನನ್ನ ಉತ್ತರ. ನೀನು ಎಬಿಸಿಡಿಯಲ್ಲೇ ಇದ್ದೀಯ ಅಂದೆ. ಹೌದು, ಇದ್ದೀಯ. ಈ ಊರೇ ಹಾಗೆ, ಇದು ಜನ ದಾಟಿ ಹೋಗೋ ಊರು. ದಾಟುವವರಿಗೆ ಯಾರಾದ್ರೂ ಎಬಿಸಿಡಿ ಹೇಳಿಕೊಡಬೇಕು. ನೀನು ಕಲಿಸಿದ ಹುಡುಗರಲ್ಲಿ ಒಬ್ಬ ನಾಳೆ ದೊಡ್ಡ ದೇವಸೇವಕ ಆಗಬಹುದು ಅಂತ ನಾನು ಹೇಳಲ್ಲ. ಆಗದೇನೂ ಇರಬಹುದು. ಜ್ವರ ಬಂದ ರಾತ್ರಿ ನೀನು ಅವನ ಪಕ್ಕದಲ್ಲಿ ಕೂತಿದ್ದೆ. ಅದು ಬೇರೆ ಯಾವುದಕ್ಕೋ ತಯಾರಿ ಆಗಿರಲಿಲ್ಲ. ಅವನು ದೇವರು ಪ್ರೀತಿಸಿದ ಮನುಷ್ಯ, ಅವನಿಗೆ ಜ್ವರ ಇತ್ತು, ನೀನು ಅಲ್ಲಿದ್ದೆ. ಕೆಲಸ ಅಲ್ಲಿಗೇ ಪೂರ್ತಿಯಾಯ್ತು. ಮುಂದೆ ಅವನು ಏನಾಗ್ತಾನೆ ಅನ್ನೋದು ದೇವರ ಲೆಕ್ಕ.

ಯೇಸು ಸ್ವಾಮಿ ಕಳಿಸಿದ ಎಪ್ಪತ್ತು ಮಂದಿ ಶಿಷ್ಯರು ವಾಪಸ್ ಬಂದು ದೆವ್ವಗಳೂ ನಮ್ಮ ಮಾತು ಕೇಳ್ತವೆ ಅಂತ ಕುಣಿದಾಗ, ಆತನು ಅವರಿಗೆ ತಿಳಿಸಿದ್ದು ಇಷ್ಟೇ: ಅದಕ್ಕಾಗಿ ಅಲ್ಲ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಅನ್ನೋದಕ್ಕಾಗಿ ಸಂತೋಷ ಪಡಿ ಅಂತ. ಆ ಎಪ್ಪತ್ತು ಜನರ ಒಂದು ಹೆಸರೂ ನಮ್ಮ ಬೈಬಲಿನಲ್ಲಿ ಇಲ್ಲ. ಅವರೂ ಇತರರೇ.

ಈ ವಾರ ಎರಡು ಕೆಲಸ ಮಾಡಿ. ನಿಮಗೆ ಮೊದಲು ಪ್ರಾರ್ಥನೆ ಕಲಿಸಿದವರು ಯಾರು? ಊರಿನ ಸಂಡೇ ಸ್ಕೂಲ್ ಟೀಚರ್ ಇರಬಹುದು, ಹಾಸ್ಟೆಲಿನ ಅಕ್ಕ ಇರಬಹುದು. ಅವರಿಗೆ ಒಂದು ಫೋನ್ ಮಾಡಿ. ವಾಟ್ಸ್ಯಾಪ್ ಸ್ಟಿಕ್ಕರ್ ಅಲ್ಲ, ಫೋನ್. ನೀವು ಕಲಿಸಿದ್ದು ನನ್ನಲ್ಲಿ ಇನ್ನೂ ಇದೆ ಅಂತ ಹೇಳಿ. ಎರಡನೇದು, ನಿಮ್ಮ ಹಿಂದೆ ಬರ್ತಿರೋ ಒಬ್ಬರನ್ನ ಗುರುತಿಸಿ, ಅವರನ್ನ ಒಂದು ಬೇಸ್ ಮುಂದಕ್ಕೆ ದಾಟಿಸೋಕೆ ಏನು ಬೇಕೋ ಮಾಡಿ. ಆ ಶುಕ್ರವಾರದ ಮನೆಕೂಟಕ್ಕೆ ಅಡುಗೆಗೆ ಕೈ ಜೋಡಿಸೋಕೆ ಇಬ್ಬರು ಬೇಕು. ಕೂಟ ಆದ ಮೇಲೆ ನನ್ನ ಹತ್ತಿರ ಬನ್ನಿ, ಹೆಸರು ಬರ್ಕೋತೀನಿ.

ಎಲ್ಲರೂ ಎದ್ದು ನಿಲ್ಲೋಣ. ತಲೆ ಬಾಗಿಸಿ, ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಕರ್ತನೇ, ನಮಗಾಗಿ ನಿನ್ನನ್ನೇ ಬಲಿಯಾಗಿ ಕೊಟ್ಟವನೇ, ನಿನಗೆ ಸ್ತೋತ್ರ. ಹೆಸರಿಗಾಗಿ ಓಡಿ ದಣಿದ ನಮ್ಮನ್ನ ಕ್ಷಮಿಸು. ನಮ್ಮ ಜೊತೆ ದುಡಿಯುವವರ ಹೆಸರನ್ನೇ ಕೇಳದೇ ಹೋದದ್ದಕ್ಕೆ ಕ್ಷಮಿಸು. ಯಾರೂ ನೋಡದ ಜಾಗದಲ್ಲಿ ಸೇವೆ ಮಾಡ್ತಿರೋ ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳ ಮೇಲೆ ಪವಿತ್ರಾತ್ಮನ ಬಲ ಇಳಿದು ಬರಲಿ. ಉಳಿಯಬೇಕಾದವರಿಗೆ ತಾಳ್ಮೆ ಕೊಡು, ಹೊರಡಬೇಕಾದವರಿಗೆ ಧೈರ್ಯ ಕೊಡು. ನಾವು ಇರೋ ಜಾಗದಲ್ಲಿ ಇನ್ನೊಬ್ಬರು ಮುಂದೆ ಹೋಗಲಿ ಅಪ್ಪಾ. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.